ಬ್ಯಾಂಕಾಕ್‌ನಲ್ಲಿ ಒಬ್ಬರೇ, ಮೊದಲ ದಿನ: ದಾವಣಗೆರೆಯಿಂದ ಹೊರಡೋರಿಗೆ

ಬೆಂಗಳೂರಿಂದ ಬ್ಯಾಂಕಾಕ್‌ಗೆ ವಿಮಾನ ನಾಲ್ಕು ಗಂಟೆ ಒಳಗೆ ಮುಟ್ಟಿಸುತ್ತೆ. ದಾವಣಗೆರೆಯಿಂದ ದೇವನಹಳ್ಳಿ ಮುಟ್ಟೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ‘ದೂರ’ ಅನ್ನೋದು ಇಲ್ಲಿ ಸಮಸ್ಯೆಯೇ ಅಲ್ಲ. ಭಾಷೆ ಬರಲ್ಲ ಅನ್ನೋದೂ ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಒಬ್ಬರೇ ಹೋದವರ ಮೊದಲ ದಿನ ಕೆಡೋದು ನಿದ್ದೆಗೆಟ್ಟ ತಲೆಯಿಂದ. ರಾತ್ರಿ ವಿಮಾನ, ಬೆಳಗಿನ ಜಾವ ಇಳಿಯೋದು, ಕೈಯಲ್ಲಿ ಬ್ಯಾಗು, ಪಕ್ಕದಲ್ಲಿ ‘ಇರು, ಆ ರೇಟು ಜಾಸ್ತಿಯಾಯ್ತು’ ಅನ್ನೋಕೆ ಇನ್ನೊಬ್ಬರಿಲ್ಲ. ಆ ಹೊತ್ತಲ್ಲಿ ಯಾರಾದರೂ ನಗುನಗುತ್ತಾ ಎದುರು ಬಂದು ಏನಾದರೂ ಹೇಳಿದರೆ ತಲೆ ತಾನಾಗೇ ಹೂಂ ಅನ್ನುತ್ತೆ. ಅದಕ್ಕೆ ಮೊದಲ ದಿನಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ: ತಾನಾಗಿ ಬಂದು ಮಾತಾಡಿಸಿದವರ ಜೊತೆ ಎಲ್ಲಿಗೂ ಹೋಗಬೇಡಿ, ನೀವಾಗಿ ಹೋಗಿ ಕೇಳಿದವರನ್ನ ಧಾರಾಳವಾಗಿ ನಂಬಿ. ಬ್ಯಾಂಕಾಕ್ ಜನ ಕೇಳಿದರೆ ದಾರಿ ತೋರಿಸೋರು. ತೊಂದರೆ ಇರೋದು ಕೇಳದೇ ತೋರಿಸೋರಲ್ಲಿ.

ಮನೆ ಬಿಡೋಕೆ ಮುಂಚಿನ ಕೆಲಸ ನಾಲ್ಕೈದು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ವೀಸಾ ವಿಷಯದಲ್ಲಿ 2024ರ ಜುಲೈ 15ರಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಅಂತ ಮಾಡಿದ್ದರು. ಇಂಥ ನಿಯಮ ಆಗಾಗ ಬದಲಾಗುವಂಥದ್ದು, ಟಿಕೆಟ್ ಮಾಡಿಸೋ ದಿನವೇ ಥಾಯ್ ರಾಯಭಾರ ಕಚೇರಿಯ ಪುಟ ತೆಗೆದು ನೋಡಿ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಹೊರಡಬೇಡಿ. 2025ರ ಮೇ 1ರಿಂದ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಇಳಿದ ಮೇಲೆ ಉಳಿಯೋ ಹೋಟೆಲಿನ ವಿಳಾಸ, ವಿಮಾನದ ನಂಬರು ಕೇಳುತ್ತೆ. ಇದಕ್ಕೆ ಒಂದು ಪೈಸೆಯೂ ಶುಲ್ಕ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಮೇಲೆ ಬರೋ ಕೆಲವು ಪುಟಗಳು ದುಡ್ಡು ಕೇಳುತ್ತವೆ, ಅವು ಸರ್ಕಾರದ್ದಲ್ಲ. ವಿಳಾಸದ ಕೊನೆ ‘ಡಾಟ್ ಗೋ ಡಾಟ್ ಟಿಎಚ್’ (.go.th) ಅಂತ ಇದ್ದರೆ ಮಾತ್ರ ಅಸಲಿ. ತುಂಬಿದ ಮೇಲೆ ಬರೋ ಕ್ಯೂಆರ್ ಕೋಡನ್ನ ಸ್ಕ್ರೀನ್‌ಶಾಟ್ ತೆಗೆದಿಡಿ, ಒಂದು ಪ್ರಿಂಟೂ ಇರಲಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೂಡ ಹಾಗೇ. ಇಮಿಗ್ರೇಶನ್ ಕೌಂಟರಿನ ಮುಂದೆ ನಿಂತು ಮೇಲ್ ತೆರೆಯೋಕೆ ಹೋದರೆ ಇಂಟರ್ನೆಟ್ ಇರಲ್ಲ, ಹಿಂದಿನವರು ಉಸಿರು ಬಿಡೋದು ಕುತ್ತಿಗೆಗೆ ತಾಗುತ್ತೆ.

ಬ್ಯಾಂಕ್ ಆ್ಯಪ್ ತೆರೆದು ಡೆಬಿಟ್ ಕಾರ್ಡಿನ ‘ಇಂಟರ್‌ನ್ಯಾಷನಲ್ ಬಳಕೆ’ ಆನ್ ಮಾಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರಿಂದ ಹೊಸ ಕಾರ್ಡುಗಳಲ್ಲಿ ಇದು ಆಫ್ ಆಗೇ ಬರುತ್ತೆ. ಬಹಳ ಜನ ಇದನ್ನ ಅಲ್ಲಿನ ಎಟಿಎಂ ಮುಂದೆ ನಿಂತು ಕಂಡುಕೊಳ್ತಾರೆ. ಆನ್ ಮಾಡೋಕೆ ಓಟಿಪಿ ಬೇಕು, ಓಟಿಪಿ ಬರೋಕೆ ನಮ್ಮ ಸಿಮ್ ಬೇಕು, ನಮ್ಮ ಸಿಮ್‌ಗೆ ರೋಮಿಂಗ್ ಬೇಕು. ಒಂದಕ್ಕೊಂದು ಸಿಕ್ಕಿಹಾಕಿಕೊಂಡ ಗಂಟು ಇದು, ಬಿಚ್ಚೋ ಜಾಗ ಮನೆ.

ಬೆಂಗಳೂರು ಮುಟ್ಟೋದಕ್ಕೆ ಬಂದರೆ, ಧಾರವಾಡದಿಂದ ಮಧ್ಯಾಹ್ನ ಹೊರಟು ದಾವಣಗೆರೆ ಮೇಲೆ ಬರೋ ವಂದೇ ಭಾರತ್ ಸಂಜೆ ಯಶವಂತಪುರಕ್ಕೆ ಬಿಡುತ್ತೆ, ರಾತ್ರಿ ವಿಮಾನಕ್ಕೆ ಅದು ಸಾಕು. ಕಾರಿನಲ್ಲಾದರೆ ನೆಲಮಂಗಲದ ತನಕ ಹೋಗಿ ಊರೊಳಗಿನ ಟ್ರಾಫಿಕ್ಕಿಗೆ ಸಿಗೋದು ಬೇಡ. ಡಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೊಸ ರಸ್ತೆ ಇದೆ. ಅಂತರರಾಷ್ಟ್ರೀಯ ವಿಮಾನ ಹೊರಡೋದು ಟರ್ಮಿನಲ್ 2ರಿಂದ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ.

ಇನ್ನು ಬ್ಯಾಗಿನ ವಿಷಯ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ತೆಗೆಸ್ತಾರೆ. ಆಮೇಲೆ ಚಾರ್ಜರ್ ವಿಷಯ. ಥಾಯ್ಲೆಂಡ್‌ನಲ್ಲೂ ನಮ್ಮ ಹಾಗೇ 230 ವೋಲ್ಟ್. ಸಾಕೆಟ್ಟಿಗೆ ನಮ್ಮ ಮೊಬೈಲ್ ಚಾರ್ಜರಿನ ಸಣ್ಣ ದುಂಡು ಎರಡು ಪಿನ್ ಕೂರುತ್ತೆ. ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ ಮಾತ್ರ ಕೂರಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು. ಇ-ಸಿಗರೇಟು ಅಲ್ಲಿ ಕಾನೂನುಬಾಹಿರ, ಜೇಬಿನಲ್ಲಿ ಇದ್ದರೂ ಕಷ್ಟ. ಒಣಗಿದ ಶೇಂಗಾ ಚಟ್ನಿಪುಡಿ, ನಾಲ್ಕು ಖಡಕ್ ರೊಟ್ಟಿ ಕಟ್ಟಿಕೊಳ್ಳಿ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಹಸಿ ಹಣ್ಣು, ತರಕಾರಿ ಬೇಡ.

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ. ಟಿಕೆಟ್‌ನಲ್ಲಿ ‘ಬಿಕೆಕೆ’ ಅಂತಿದ್ದರೆ ಸುವರ್ಣಭೂಮಿ, ‘ಡಿಎಂಕೆ’ ಅಂತಿದ್ದರೆ ಡಾನ್ ಮುಆಂಗ್. ಡಾನ್ ಮುಆಂಗ್ ಹಳೇದು, ಅಗ್ಗದ ವಿಮಾನಗಳು ಹೆಚ್ಚಾಗಿ ಇಳಿಯೋದು ಅಲ್ಲಿ. ಊರಿನ ಉತ್ತರಕ್ಕಿದೆ, ರೆಡ್ ಲೈನ್ ರೈಲು ಇದೆ, ಎ1 ಬಸ್ಸು 30 ಬಾತ್‌ಗೆ (ಬಾತ್ ಅಂದರೆ ಅಲ್ಲಿನ ದುಡ್ಡು) ಮೋ ಚಿತ್ ಸ್ಕೈಟ್ರೈನ್, ಅಂದರೆ ಮೇಲ್ಸೇತುವೆ ರೈಲಿನ ನಿಲ್ದಾಣಕ್ಕೆ ಬಿಡುತ್ತೆ. ಅಷ್ಟು ಗೊತ್ತಿದ್ದರೆ ಸಾಕು. ಉಳಿದ ಮಾತು 2006ರಲ್ಲಿ ಶುರುವಾದ ಸುವರ್ಣಭೂಮಿಯದು. ಇಳಿದ ಕೂಡಲೇ ಕೈಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಮನೆಗೆ ಫೋನ್ ಮಾಡುವಾಗ ಇದು ನೆನಪಿರಲಿ: ಅಲ್ಲಿ ಬೆಳಿಗ್ಗೆ ಆರು ಅಂದರೆ ಇಲ್ಲಿ ನಾಲ್ಕೂವರೆ.

ಇಮಿಗ್ರೇಶನ್ ಮುಗಿಸಿ ಹೊರಗೆ ಬರೋದು 2ನೇ ಮಹಡಿಗೆ. ಎದುರಿಗೇ ‘ಟ್ಯಾಕ್ಸಿ, ಲಿಮೋಸಿನ್’ ಅಂತ ಫಲಕ ಹಿಡಿದವರು ನಿಂತಿರ್ತಾರೆ. ಸುಮ್ಮನೆ ದಾಟಿ ಹೋಗಿ. ಮೀಟರ್ ಟ್ಯಾಕ್ಸಿ ಇರೋದು ಅಲ್ಲಲ್ಲ, ಒಂದು ಮಹಡಿ ಕೆಳಗೆ, 1ನೇ ಮಹಡಿಯಲ್ಲಿ. ಅಲ್ಲಿ ಯಂತ್ರದ ಗುಂಡಿ ಒತ್ತಿದರೆ ಒಂದು ಚೀಟಿ ಬರುತ್ತೆ, ಅದರಲ್ಲಿ ಒಂದು ಸಂಖ್ಯೆ. ಆ ಸಂಖ್ಯೆಯ ಸಾಲಿನಲ್ಲಿ ನಿಂತ ಟ್ಯಾಕ್ಸಿ ನಿಮ್ಮದು. ಚೀಟಿಯಲ್ಲಿ ಚಾಲಕನ ವಿವರ ಇರುತ್ತೆ. ‘ಕೊಡಿ’ ಅಂತ ಅವನು ಕೈ ಚಾಚಬಹುದು, ಕೊಡಬೇಡಿ. ಜಗಳ ಬಂದರೆ ನಿಮ್ಮ ಹತ್ತಿರ ಇರೋ ಸಾಕ್ಷಿ ಅದೊಂದೇ. ಮೀಟರ್ 35 ಬಾತ್‌ನಿಂದ ಶುರುವಾಗುತ್ತೆ, ಮೇಲೆ ವಿಮಾನ ನಿಲ್ದಾಣದ 50 ಬಾತ್, ಎಕ್ಸ್‌ಪ್ರೆಸ್‌ವೇ ಹತ್ತಿದರೆ ಟೋಲ್ ಬೇರೆ, ಅದನ್ನ ಟೋಲ್ ಗೇಟಿನಲ್ಲೇ ನೀವೇ ಕೊಡೋದು. ಎಲ್ಲ ಸೇರಿ 400ರ ಆಚೀಚೆ ಆಗುತ್ತೆ. ಮೀಟರ್ ಹಾಕದೆ ‘ಐನೂರು, ಆರುನೂರು’ ಅಂದರೆ ಇಳಿದು ಇನ್ನೊಂದು ಚೀಟಿ ತಗೊಳ್ಳಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಎಂಟರ ತನಕ ಟ್ಯಾಕ್ಸಿ ಅನ್ನೋದು ದುಡ್ಡು ಕೊಟ್ಟು ರಸ್ತೆ ಮೇಲೆ ಕೂರೋ ವ್ಯವಸ್ಥೆ, ಅಷ್ಟೇ.

ಒಂದೇ ಬ್ಯಾಗ್ ಇದ್ದವರಿಗೆ ರೈಲೇ ಸರಿ. ಏರ್‌ಪೋರ್ಟ್ ರೈಲ್ ಲಿಂಕ್ ನೆಲಮಾಳಿಗೆಯ ‘ಬಿ’ ಮಹಡಿಯಲ್ಲಿದೆ. ಬೆಳಿಗ್ಗೆ ಐದೂವರೆಗೆ ಶುರು, ಮಧ್ಯರಾತ್ರಿ ತನಕ ಓಡುತ್ತೆ. ಕೊನೆ ನಿಲ್ದಾಣ ಫಾಯಾ ಥಾಯ್‌ಗೆ 45 ಬಾತ್, ಅರ್ಧ ಗಂಟೆ ಒಳಗೆ. ದುಂಡು ಪ್ಲಾಸ್ಟಿಕ್ ಟೋಕನ್ ಬರುತ್ತೆ, ನಮ್ಮ ಮೆಟ್ರೋ ಟೋಕನ್ ಥರವೇ ಒಳಗೆ ಹೋಗುವಾಗ ತಾಗಿಸೋದು, ಹೊರಗೆ ಬರುವಾಗ ಸಂದಿಗೆ ಹಾಕೋದು. ವಿಮಾನ ನಿಲ್ದಾಣವೇ ಮೊದಲ ಸ್ಟೇಷನ್ ಆದ್ದರಿಂದ ಸೀಟು ಸಿಗುತ್ತೆ. ಆದರೆ ಏಳೂವರೆ ಮೇಲಾದರೆ ದಾರಿಯಲ್ಲಿ ಆಫೀಸಿನ ಜನ ಹತ್ತಿ ಹತ್ತಿ ಬಾಗಿಲ ತನಕ ತುಂಬ್ತಾರೆ, ಬ್ಯಾಗ್ ಕಾಲ ಮಧ್ಯೆ ಹಿಡಿದಿಟ್ಟುಕೊಳ್ಳಿ. ಮಕ್ಕಾಸಾನ್‌ನಲ್ಲಿ ಇಳಿದರೆ ಸುರಂಗ ಮೆಟ್ರೋ ಎಂಆರ್‌ಟಿ, ಫಾಯಾ ಥಾಯ್‌ನಲ್ಲಿ ಇಳಿದರೆ ಮೇಲ್ಸೇತುವೆ ರೈಲು ಬಿಟಿಎಸ್. ಎರಡರ ಕಂಪನಿ ಬೇರೆ, ಟಿಕೆಟ್ಟೂ ಬೇರೆ. ಎಂಆರ್‌ಟಿ ಗೇಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ತಾಗಿಸೋ ಕಾರ್ಡ್ ನೇರ ನಡೆಯುತ್ತೆ, ರೂಪೇ ಕಾರ್ಡನ್ನ ನಂಬಿಕೊಂಡು ಹೋಗಬೇಡಿ.

ರೈಲು ಹತ್ತೋಕೆ ಮುಂಚೆ ದುಡ್ಡು. 2ನೇ ಮಹಡಿಯಲ್ಲಿ ಕಣ್ಣಿಗೆ ಬೀಳೋ ಬ್ಯಾಂಕ್ ಕೌಂಟರುಗಳಲ್ಲಿ ಕೈಗೆ ಸಿಗೋ ಬಾತ್ ಕಡಿಮೆ. ಅದೇ ‘ಬಿ’ ಮಹಡಿಯಲ್ಲಿ ರೈಲಿನ ಹತ್ತಿರ ಸಾಲಾಗಿ ಇರೋ ಖಾಸಗಿ ಕೌಂಟರುಗಳ ರೇಟು ಚೆನ್ನಾಗಿರುತ್ತೆ. ಬೋರ್ಡ್ ನೋಡಿದರೆ ಒಂದು ಡಾಲರಿಗೆ ಎಷ್ಟು ವ್ಯತ್ಯಾಸ ಅಂತ ಅಲ್ಲೇ ಗೊತ್ತಾಗುತ್ತೆ. ರೂಪಾಯಿ ಕೊಟ್ಟರೆ ನಷ್ಟ ಜಾಸ್ತಿ, ಡಾಲರ್ ಒಯ್ಯಿರಿ. ಹಳೇ, ಮಡಚಿ ಮುದ್ದೆಯಾದ ನೋಟಿಗೆ ರೇಟು ಇಳಿಸ್ತಾರೆ ಅಥವಾ ಬೇಡ ಅಂತಾರೆ. ಎಟಿಎಂನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕತ್ತರಿಸ್ತಾರೆ, ಆದ್ದರಿಂದ ಸಣ್ಣ ಸಣ್ಣದಾಗಿ ತೆಗೆಯೋದು ದಡ್ಡತನ. ಕೊನೆಯಲ್ಲಿ ಯಂತ್ರ ‘ರೂಪಾಯಿಗೆ ಪರಿವರ್ತಿಸಿ ಕತ್ತರಿಸಲೇ’ ಅಂತ ಕೇಳುತ್ತೆ. ಬೇಡ ಅನ್ನಿ, ಬಾತ್‌ನಲ್ಲೇ ಕತ್ತರಿಸಲಿ. ಒಪ್ಪಿದರೆ ಅವರು ಹಾಕಿದ್ದೇ ರೇಟು. ಊರಲ್ಲಿ ಎಲ್ಲ ಅಂಗಡಿ ಮುಂದೆ ಕ್ಯೂಆರ್ ಅಂಟಿಸಿರೋದು ಕಾಣುತ್ತೆ, ಅದು ಅವರ ಪ್ರಾಂಪ್ಟ್‌ಪೇ, ನಮ್ಮ ಯುಪಿಐ ಥರದ್ದು. ನಮ್ಮ ಫೋನ್‌ಪೇ ಇದೆಯಲ್ಲ ಅಂತ ಬರಿಗೈಯಲ್ಲಿ ಹೋಗಬೇಡಿ. ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ. ಮೂರರಿಂದ ಗುಣಿಸಿ ಲೆಕ್ಕ ಹಾಕಿ, ಕೊನೆಗೆ ಉಳಿದರೆ ಖುಷಿ. ನೋಟಿನ ಬಣ್ಣ ಕಲಿಯಿರಿ: 20 ಹಸಿರು, 50 ನೀಲಿ, 100 ಕೆಂಪು, 500 ನೇರಳೆ, 1000 ಕಂದು. ನಿದ್ದೆಗಣ್ಣಲ್ಲಿ ನೂರು ಅಂತ ಐನೂರು ಕೊಡೋದು ಇಲ್ಲೇ. ಸಾವಿರದ ನೋಟನ್ನ ದೋಣಿಯವನಿಗೆ, ಬೀದಿ ಅಂಗಡಿಯವನಿಗೆ ತೋರಿಸಬೇಡಿ. ಬೀದಿಬೀದಿಗೆ ಇರೋ ಸೆವೆನ್-ಇಲೆವೆನ್ ಅಂಗಡಿಯಲ್ಲಿ ಒಂದು ನೀರಿನ ಬಾಟ್ಲಿ ತಗೊಂಡು ಮುರಿಸಿ.

ಸಿಮ್ ವಿಮಾನ ನಿಲ್ದಾಣದಲ್ಲೇ ಸಿಗುತ್ತೆ, ಪಾಸ್‌ಪೋರ್ಟ್ ತೋರಿಸಬೇಕು. ಅವರೇ ಹಾಕಿ ಚಾಲೂ ಮಾಡಿ ಕೊಡ್ತಾರೆ. ನಮ್ಮ ಸಿಮ್ ತೆಗೆದು ಕೈಗೆ ಕೊಟ್ಟಾಗ ಅದನ್ನ ಎಲ್ಲಿಟ್ಟಿರಿ ಅಂತ ನೆನಪಿಟ್ಟುಕೊಳ್ಳಿ. ಫೋನ್‌ನಲ್ಲಿ ಎರಡು ಸಿಮ್ ಜಾಗ ಇದ್ದರೆ ಹಳೇದು ಒಳಗೇ ಇರಲಿ, ಡೇಟಾ ಮಾತ್ರ ಹೊಸದಕ್ಕೆ ಬದಲಾಯಿಸಿ. ಗ್ರ್ಯಾಬ್ ಅನ್ನೋ, ನಮ್ಮ ಓಲಾ-ಊಬರ್ ಥರದ ಟ್ಯಾಕ್ಸಿ ಆ್ಯಪನ್ನ ಊರಲ್ಲೇ ಹಾಕಿಕೊಂಡು, ನಮ್ಮ ನಂಬರಿನಿಂದಲೇ ಖಾತೆ ತೆರೆದಿಟ್ಟಿದ್ದರೆ ಅಲ್ಲಿ ಓಟಿಪಿ ಗೋಳು ಇಲ್ಲ.

ಮೊದಲ ರಾತ್ರಿಯ ರೂಮು ಎಲ್ಲಿ ಅನ್ನೋದು ಇಡೀ ದಿನವನ್ನ ತೀರ್ಮಾನ ಮಾಡುತ್ತೆ. ಖಾವ್‌ಸಾನ್ ರೋಡ್ ಬ್ಯಾಕ್‌ಪ್ಯಾಕರುಗಳಿಗೆ ಹೆಸರುವಾಸಿ, ಅಗ್ಗವೂ ಹೌದು, ಆದರೆ ಹತ್ತಿರದಲ್ಲಿ ಯಾವ ರೈಲೂ ಇಲ್ಲ. ಬ್ಯಾಗ್ ಹೊತ್ತು ಒಬ್ಬರೇ ಬಂದ ದಿನ ಅದು ಬೇಡ. ಫಾಯಾ ಥಾಯ್, ಪಕ್ಕದ ರಾಚಥೇವಿ ಸುತ್ತ ರೂಮು ಹಿಡಿದರೆ ರೈಲಿನಿಂದ ನಡೆದೇ ಹೋಗಬಹುದು. ಇಂಡಿಯನ್ ಊಟ ಬೇಕೇ ಬೇಕು ಅನ್ನೋರು ಸುಖುಂವಿಟ್‌ನ ನಾನಾ-ಅಸೋಕ್ ಕಡೆ, ಅಥವಾ ಸೀಲೋಂ ರಸ್ತೆಯಲ್ಲಿ ಮಾರಿಯಮ್ಮನ ಗುಡಿ ಹತ್ತಿರ ಹಿಡೀತಾರೆ. ನಾನಾದಲ್ಲಿ ರಾತ್ರಿ ಹೊತ್ತು ಕೈ ಹಿಡಿದು ಕರೆಯೋರ ಕಾಟ ಇದೆ, ಹೇಳಿಲ್ಲ ಅನ್ನಬೇಡಿ. ವಿಳಾಸದಲ್ಲಿ ‘ಸೋಯ್’ ಅಂದರೆ ಅಡ್ಡರಸ್ತೆ, ನಮ್ಮ ಕ್ರಾಸ್ ಇದ್ದ ಹಾಗೆ. ಒಂದೇ ವ್ಯತ್ಯಾಸ, ಬೆಸ ಸಂಖ್ಯೆ ಎಲ್ಲ ರಸ್ತೆಯ ಒಂದು ಬದಿಗೆ, ಸರಿ ಸಂಖ್ಯೆ ಇನ್ನೊಂದು ಬದಿಗೆ. 21ರ ಎದುರಿಗೆ 22 ಇರುತ್ತೆ ಅಂತ ನಂಬಿಕೊಂಡರೆ ಬಹಳ ದೂರ ಸುಮ್ಮನೆ ನಡೀತೀರಿ, ಎರಡು ಬದಿಯ ಎಣಿಕೆ ಹೊಂದಿಕೊಂಡು ಹೋಗಲ್ಲ. ಹೆಂಗಸರು ಒಬ್ಬರೇ ಹೋಗೋದಾದರೆ ಸೋಯ್‌ನ ಕೊನೆಯ ಹೋಟೆಲ್ ಬಿಟ್ಟು ಮುಖ್ಯರಸ್ತೆಗೆ ಹತ್ತಿರದ್ದು ಹಿಡಿಯಿರಿ, ದಿನಕ್ಕೆ ಇನ್ನೂರು ಬಾತ್ ಜಾಸ್ತಿಯಾದರೂ ಆಗಲಿ.

ರೂಮು ಕೊಡೋದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಎಂಟಕ್ಕೇ ಹೋಗಿ ರಿಸೆಪ್ಶನ್‌ನಲ್ಲಿ ಜಗಳ ಮಾಡಿದರೆ ಪ್ರಯೋಜನ ಇಲ್ಲ. ಬ್ಯಾಗ್ ಮಾತ್ರ ಇಟ್ಟುಕೊಳ್ತಾರೆ, ದುಡ್ಡು ಕೇಳಲ್ಲ. ಪಾಸ್‌ಪೋರ್ಟ್, ಹಣ, ಚಾರ್ಜರ್ ಸಣ್ಣ ಚೀಲಕ್ಕೆ ಹಾಕಿಕೊಂಡು ಉಳಿದದ್ದು ಬಿಡಿ. ಮುಖ ತೊಳೆದು ಬಟ್ಟೆ ಬದಲಾಯಿಸಿ. ಭುಜ, ಮೊಣಕಾಲು ಮುಚ್ಚೋ ಬಟ್ಟೆ ಹಾಕಿ, ಸುಲಭಕ್ಕೆ ಬಿಚ್ಚೋ ಚಪ್ಪಲಿ ಇರಲಿ. ಹೋಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿ ಇರೋ ಕಾರ್ಡ್ ಕೇಳಿ ಜೇಬಿಗಿಡಿ. ಫೋನ್ ಸತ್ತ ಹೊತ್ತಲ್ಲಿ ಟ್ಯಾಕ್ಸಿಯವನಿಗೆ ತೋರಿಸೋದು ಅದೇ.

ಈಗ ಎಂಟೂವರೆ, ಎರಡರ ತನಕ ಹೊತ್ತು ಕಳೀಬೇಕು. ಎಲ್ಲರೂ ಮೊದಲು ಓಡೋದು ಅರಮನೆಗೆ, ಅಂದರೆ ಗ್ರ್ಯಾಂಡ್ ಪ್ಯಾಲೆಸ್‌ಗೆ. ಮೊದಲ ದಿನ ಬೇಡ. 500 ಬಾತ್ ಟಿಕೆಟ್, ಬಿಸಿಲಲ್ಲಿ ಕ್ಯೂ, ಗುಂಪು, ಮೂರೂವರೆಗೆ ಟಿಕೆಟ್ ಬಂದ್. ಅರಮನೆಯೊಳಗಿನ ವಾಟ್ ಫ್ರಾ ಕೇವ್‌ನ (‘ವಾಟ್’ ಅಂದರೆ ಬೌದ್ಧರ ಗುಡಿ) ಪ್ರಾಕಾರದ ಗೋಡೆ ತುಂಬ ಬರೆದಿರೋ ರಾಮಾಯಣದ ಚಿತ್ರ ನಿದ್ದೆ ಬಂದ ಕಣ್ಣಲ್ಲಿ ನೋಡೋವಂಥದ್ದಲ್ಲ. ಜೊತೆಗೆ ಅರಮನೆಯ ಸುತ್ತಲೇ ಆ ಊರಿನ ಅತಿ ಹಳೇ ಮೋಸ ನಡೆಯೋದು. ಇಸ್ತ್ರಿ ಅಂಗಿ ಹಾಕಿದ, ಮೇಷ್ಟ್ರ ಹಾಗೆ ಕಾಣೋ ಒಬ್ಬರು ಬಂದು ‘ಇವತ್ತು ಬೌದ್ಧರ ಹಬ್ಬ, ಅರಮನೆ ಮಧ್ಯಾಹ್ನದ ತನಕ ಮುಚ್ಚಿರುತ್ತೆ’ ಅಂತಾರೆ. ಅಷ್ಟರಲ್ಲಿ ಒಂದು ಟುಕ್‌ಟುಕ್, ಅಂದರೆ ಅಲ್ಲಿನ ಆಟೋ, ತಾನಾಗೇ ಬಂದು ನಿಲ್ಲುತ್ತೆ, ಅದರವನು 20 ಬಾತ್‌ಗೆ ಮೂರು ಗುಡಿ ತೋರಿಸ್ತೀನಿ ಅಂತಾನೆ. ಗುಡಿ ಒಂದು ತೋರಿಸಿ ನಿಲ್ಲಿಸೋದು ಹರಳಿನ ಅಂಗಡಿ ಮುಂದೆ, ಇಲ್ಲವೇ ಸೂಟು ಹೊಲಿಯೋ ಟೈಲರ್ ಮುಂದೆ. ಅವನಿಗೆ ಅಲ್ಲಿಂದ ಕಮಿಷನ್. ಅರಮನೆ ತೆರೆದಿದೆಯೋ ಇಲ್ಲವೋ ಅನ್ನೋದನ್ನ ಅರಮನೆಯ ಬಾಗಿಲಿಗೇ ಹೋಗಿ ನೋಡಬೇಕು, ಬೀದಿಯಲ್ಲಿ ಕೇಳಬಾರದು.

ಮೊದಲ ದಿನಕ್ಕೆ ಸರಿಯಾದದ್ದು ಚಾವ್ ಫ್ರಾಯಾ ಹೊಳೆ ಮತ್ತು ಮಲಗಿದ ಬುದ್ಧನ ಗುಡಿ ವಾಟ್ ಫೋ. ಫಾಯಾ ಥಾಯ್‌ನಿಂದ ಬಿಟಿಎಸ್ ಹತ್ತಿ ಸಿಯಾಮ್‌ನಲ್ಲಿ ಸೀಲೋಂ ಲೈನಿಗೆ ಬದಲಾಯಿಸಿ ಸಫಾನ್ ತಕ್ಸಿನ್‌ನಲ್ಲಿ ಇಳಿಯೋದು. ರೈಲಿನಲ್ಲಿ ಪ್ರತಿ ನಿಲ್ದಾಣಕ್ಕೂ ಮುಂಚೆ ‘ಸಥಾನಿ ತೋ ಪೈ’ ಅಂತ ಹೆಣ್ಣುದನಿ ಬರುತ್ತೆ, ಮುಂದಿನ ನಿಲ್ದಾಣ ಅಂತ ಅರ್ಥ. ಕಿವಿಗೊಟ್ಟು ಕೇಳಿ, ನಮ್ಮ ‘ಸ್ಥಾನ’ ಅಲ್ಲೇ ಕೂತಿದೆ. ಬ್ಯಾಂಕಿಗೆ ಅವರು ಅನ್ನೋದು ‘ಥನಾಖಾನ್’, ಅಂದರೆ ಧನಾಗಾರ. ಊಟಕ್ಕೆ ‘ಆಹಾನ್’. ರಾಚಥೇವಿ ಅಂದರೆ ರಾಜದೇವಿ. ಒಂದು ದಿನ ಹೀಗೆ ಕೇಳಿಸಿಕೊಂಡರೆ ಊರು ಅರ್ಧ ಪರಿಚಯ ಆದ ಹಾಗೆ.

ಸಫಾನ್ ತಕ್ಸಿನ್ ಕೆಳಗೇ ಸಾಥೋರ್ನ್ ಕಟ್ಟೆ. ಅಲ್ಲಿ ಮುಖ್ಯವಾಗಿ ಎರಡು ಥರದ ದೋಣಿ. ನೀಲಿ ಬಾವುಟದ್ದು ಪ್ರವಾಸಿಗರದು, ದುಬಾರಿ. ಕಿತ್ತಳೆ ಬಾವುಟದ್ದು ಊರಿನವರು ಓಡಾಡೋದು, ಎಲ್ಲಿಗೆ ಹೋದರೂ 16 ಬಾತ್ ಆಸುಪಾಸು. ಹೊರಗಿನವರ ಮುಖ ಕಂಡರೆ ನೀಲಿ ಕಡೆಗೇ ಕೈ ತೋರಿಸ್ತಾರೆ, ನೀವು ಬಾವುಟ ನೋಡಿ ಹತ್ತಿ. ದೋಣಿ ಕಟ್ಟೆಗೆ ತಾಗಿ ನಿಲ್ಲೋದು ಕೆಲವೇ ಸೆಕೆಂಡು. ಹಿಂದೆ ನಿಂತವನು ಸೀಟಿ ಊದಿದ್ದೇ ಮುಂದಿರೋ ನಾವಿಕನಿಗೆ ಭಾಷೆ: ಒಂದು ಥರ ಊದಿದರೆ ಹತ್ತಿರ ತಾ, ಇನ್ನೊಂದು ಥರ ಊದಿದರೆ ಬಿಡು. ಹಗ್ಗ ಸುತ್ತಿದ ಮೇಲೆ ಹತ್ತಿ, ಹತ್ತಿದ ಕೂಡಲೇ ಒಳಗೆ ಸರಿಯಿರಿ. ಕಂಡಕ್ಟರ್ ಕೈಯಲ್ಲಿ ಉದ್ದನೆ ತಗಡಿನ ಕೊಳವೆ ಇರುತ್ತೆ, ಒಳಗೆ ಟಿಕೆಟ್ ಸುರುಳಿ, ಚಿಲ್ಲರೆ. ಅದನ್ನ ಚಟ್ ಚಟ್ ಅಂತ ಬಡಿಯುತ್ತಾ ಬರೋದೇ ‘ಟಿಕೆಟ್ ಟಿಕೆಟ್’ ಅಂದ ಹಾಗೆ. ಚಿಲ್ಲರೆ ಕೈಯಲ್ಲಿರಲಿ. ಸನ್ಯಾಸಿಗಳಿಗೆ ಮೀಸಲು ಅಂತ ಬರೆದಿರೋ ಜಾಗದಲ್ಲಿ ಕೂರಬೇಡಿ. ಹೆಂಗಸರು ಸನ್ಯಾಸಿಗಳಿಗೆ ತಾಗೋ ಹಾಗಿಲ್ಲ, ಕಿರಿದು ಜಾಗದಲ್ಲಿ ಇದನ್ನ ನೆನಪಿಟ್ಟುಕೊಳ್ಳಬೇಕು.

ಇಳಿಯೋದು ಥಾ ತಿಯೆನ್. ಅಲ್ಲಿಂದ ವಾಟ್ ಫೋ ಎರಡು ನಿಮಿಷ, 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ, ಮೊದಲು ಮಲಗಿಸಿ ಆಮೇಲೆ ಸುತ್ತ ಗೋಡೆ ಕಟ್ಟಿದ ಹಾಗೆ ಕಾಣುತ್ತೆ. ಎಲ್ಲರೂ ಮುಖದ ಫೋಟೋ ತೆಗೆದು ಮುಂದೆ ಹೋಗ್ತಾರೆ, ನೋಡಬೇಕಾದ್ದು ಪಾದ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆ ಇದೆ. ಬೆನ್ನಿನ ಕಡೆ ಬಂದರೆ ಗೋಡೆಗುಂಟ ಸಾಲು ಬಟ್ಟಲು, ಅವೂ 108. ಜನ 20 ಬಾತ್ ಕೊಟ್ಟು ಚಿಲ್ಲರೆ ತಗೊಂಡು ಒಂದೊಂದು ಬಟ್ಟಲಿಗೆ ಒಂದೊಂದು ನಾಣ್ಯ ಹಾಕ್ತಾ ಹೋಗ್ತಾರೆ, ಹಾಲ್ ತುಂಬ ಆ ಟಣ್ ಟಣ್ ಸದ್ದು ನಿಲ್ಲೋದೇ ಇಲ್ಲ. ಚಪ್ಪಲಿ ಬಾಗಿಲಲ್ಲಿ ಬಿಡೋದಕ್ಕಿಂತ ಅಲ್ಲೇ ಕೊಡೋ ಚೀಲಕ್ಕೆ ಹಾಕಿಕೊಂಡು ಹೋಗಿ, ಹೊರಬರೋ ಬಾಗಿಲು ಬೇರೆ. ಕೂರೋದಾದರೆ ಕಾಲು ಬುದ್ಧನ ಕಡೆ ಚಾಚಬೇಡಿ. ಶಕ್ತಿ ಉಳಿದಿದ್ದರೆ ಅದೇ ಕಟ್ಟೆಯಿಂದ 5 ಬಾತ್ ಕೊಟ್ಟು ಹೊಳೆ ದಾಟಿದರೆ ವಾಟ್ ಅರುಣ್, ನಮ್ಮ ಅರುಣನ ಹೆಸರಿನ ಗುಡಿ. ಇಲ್ಲದಿದ್ದರೆ ಈ ಕಡೆಯಿಂದಲೇ ನೋಡಿ, ನೋಟಕ್ಕೆ ಈ ಕಡೆಯೇ ಚೆನ್ನ.

ಹನ್ನೊಂದೂವರೆ ಮೇಲೆ ಹೊರಗಿರಬೇಡಿ. ದಾವಣಗೆರೆ ಬಿಸಿಲು ಒಣ ಬಿಸಿಲು, ನೆರಳಿಗೆ ಹೋದರೆ ಜೀವ ಬರುತ್ತೆ. ಅಲ್ಲಿಯದು ಮಂಗಳೂರಿನ ಧಗೆ, ನೆರಳಲ್ಲೂ ಬೆವರು ಆರಲ್ಲ. ಬಿಸಿಲು ನಮಗೇನು ಹೊಸದಾ ಅನ್ನೋ ಧೈರ್ಯವೇ ಕೆಡಿಸೋದು. ನಲ್ಲಿ ನೀರು ಕುಡಿಯಬೇಡಿ. ಅಂಗಡಿಯ ಐಸ್ ನಡುವೆ ತೂತಿರೋ ಕೊಳವೆಯಾಕಾರದ್ದಾದರೆ ಅದು ಕಾರ್ಖಾನೆಯದು, ಭಯ ಬೇಡ.

ಇನ್ನು ಊಟ. ಮಾಂಸ ತಿನ್ನೋರಿಗೆ ಈ ಊರಲ್ಲಿ ಹೇಳೋದು ಏನೂ ಇಲ್ಲ, ಹೆಜ್ಜೆಗೊಂದು ತಳ್ಳುಗಾಡಿ. ಸಸ್ಯಾಹಾರಿಗಳಿಗೆ ಮಾತ್ರ ಸ್ವಲ್ಪ ಪಾಠ ಆಗಬೇಕು, ಯಾಕಂದರೆ ‘ವೆಜ್’ ಅನ್ನೋ ಪದ ಅಲ್ಲಿ ಕೆಲಸ ಮಾಡಲ್ಲ. ‘ವೆಜಿಟೇಬಲ್ ಫ್ರೈಡ್ ರೈಸ್’ ಅಂದರೆ ತರಕಾರಿ ಇರುತ್ತೆ, ಮೊಟ್ಟೆಯೂ ಇರುತ್ತೆ, ಮೇಲೆ ಮೀನಿನ ಸಾರವೂ ಬೀಳುತ್ತೆ. ಅವರ ಲೆಕ್ಕದಲ್ಲಿ ಅದು ಉಪ್ಪು ಹಾಕಿದ ಹಾಗೆ. ಆ ಸಾರಕ್ಕೆ ‘ನಾಮ್ ಪ್ಲಾ’ ಅಂತಾರೆ. ಸಿಗಡಿ ಕೊಳೆಸಿ ಮಾಡಿದ ಇನ್ನೊಂದು ಮುದ್ದೆ ಇದೆ, ಅದರ ಹೆಸರು ‘ಕಪಿ’. ಮೆನುವಿನಲ್ಲಿ ಕಪಿ ಕಂಡರೆ ಕೋತಿಯೂ ಅಲ್ಲ ಕಾಫಿಯೂ ಅಲ್ಲ. ಕೆಂಪು, ಹಸಿರು ಕರಿಗಳ ಮಸಾಲೆಯಲ್ಲಿ ಇದು ಮೊದಲೇ ಅರೆದು ಸೇರಿರುತ್ತೆ, ಅದಕ್ಕೆ ‘ಮಾಂಸ ತೆಗೆದು ಕೊಡಿ’ ಅಂದರೂ ಪ್ರಯೋಜನ ಇಲ್ಲ. ಪ್ಯಾಡ್ ಥಾಯ್‌ನಲ್ಲಿ ಒಣ ಸಿಗಡಿ. ಪಪ್ಪಾಯಿಕಾಯಿಯ ಸೋಂ ತಾಮ್‌ನ ನಿಮ್ಮೆದುರೇ ಒರಳಲ್ಲಿ ಕುಟ್ಟಿ ಕೊಡ್ತಾರೆ, ಹಾಕಬೇಡಿ ಅಂದಿದ್ದನ್ನ ಹಾಕಲ್ಲ, ಆದರೆ ಅದೇ ಒರಳಲ್ಲಿ ಹಿಂದಿನ ಗಿರಾಕಿಗೆ ಸಿಗಡಿ ಕುಟ್ಟಿರ್ತಾರೆ. ಮಡಿ ಬಹಳ ಇರೋರು ಅದನ್ನ ಬಿಡಬೇಕು.

ಕೆಲಸ ಮಾಡೋ ಪದ ಎರಡು. ಒಂದು ‘ಜೇ’. ಚೀನೀ ಬೌದ್ಧರ ಪದ್ಧತಿಯದು: ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟ ಅಥವಾ ಬೋರ್ಡ್ ಮೇಲೆ ಕೆಂಪು ಅಕ್ಷರ, ದೂರದಿಂದ ನೋಡಿದರೆ 17 ಅಂತ ಬರೆದ ಹಾಗೆ ಕಾಣುತ್ತೆ. ಆ ಗುರುತು ಇರೋ ಅಂಗಡಿಗೆ ಕಣ್ಣು ಮುಚ್ಚಿ ಹೋಗಿ. ತಟ್ಟೆಯಲ್ಲಿ ಮಾಂಸದ ತುಂಡಿನ ಹಾಗೆ ಕಾಣೋದು ಸೋಯಾ, ಗೋಧಿಯ ಅಂಟಿನಿಂದ ಮಾಡಿದ್ದು, ಗಾಬರಿ ಬೇಡ. ಸೆವೆನ್-ಇಲೆವೆನ್ ಪೊಟ್ಟಣದ ಮೇಲೂ ಇದೇ 17 ಹುಡುಕಿ. ಎರಡನೇ ಪದ ‘ಮಂಗ್‌ಸವಿರತ್’, ಬಿಡಿಸಿದರೆ ಮಾಂಸವಿರತಿ. ಇದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ಬೇಡ ಅನ್ನೋಕೆ ‘ಮೈ ಸೈ ಖೈ’ ಅನ್ನಬೇಕು. ಇಲ್ಲಿ ಹುಷಾರು: ‘ಖೈ’ ಅಂದರೆ ಮೊಟ್ಟೆ, ‘ಕೈ’ ಅಂದರೆ ಕೋಳಿ. ಮಹಾಪ್ರಾಣ ಎಳೆದು ಹೇಳಿ ಅಂತ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಬಡಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ. ಮೀನಿನ ಸಾರ ಬೇಡ ಅನ್ನೋಕೆ ‘ಮೈ ಸೈ ನಾಮ್ ಪ್ಲಾ’. ಮಾತಿನ ಕೊನೆಗೆ ಗಂಡಸರು ‘ಖ್ರಾಪ್’, ಹೆಂಗಸರು ‘ಖಾ’ ಸೇರಿಸಿದರೆ ಎದುರಿಗಿರೋರ ಮುಖ ಅರಳುತ್ತೆ. ಖಾರದ ವಿಷಯದಲ್ಲಿ ಮಿರ್ಚಿ-ಮಂಡಕ್ಕಿ ತಿಂದ ನಾಲಿಗೆ ಅಂತ ಜಂಬ ಬೇಡ. ಅಲ್ಲಿನ ಸಣ್ಣ ಮೆಣಸಿನಕಾಯಿ ನಮ್ಮ ಜೀರಿಗೆ ಮೆಣಸಿನ ಜಾತಿಯದು, ಎರಡು ಕುಟ್ಟಿದರೆ ಸಾಕು.

ಮೊದಲ ದಿನ ಹೊಟ್ಟೆ ಕೆಡಿಸಿಕೊಳ್ಳದೆ ತಿನ್ನೋಕೆ ಮಾವಿನಹಣ್ಣು-ಅಂಟಕ್ಕಿ ಅನ್ನ ಒಳ್ಳೇದು. ತೆಂಗಿನಹಾಲಲ್ಲಿ ಕಲಸಿದ ಬಿಸಿ ಅನ್ನ, ಪಕ್ಕದಲ್ಲಿ ಹೆಚ್ಚಿದ ಮಾವು, ಮೇಲೆ ಹುರಿದ ಹೆಸರುಬೇಳೆ. ಮಾವಿನ ಸೀಕರಣೆಗೆ ಅನ್ನ ಕಲಸಿದರೆ ಹೇಗೋ ಹಾಗೆ. ಅನ್ನ ಒಣಗಿ ಗಟ್ಟಿಯಾಗಿದ್ದರೆ ಬೆಳಗಿನದು, ಬೇರೆ ಗಾಡಿ ನೋಡಿ. ಪೂರ್ತಿ ಇಂಡಿಯನ್ ಊಟ ಬೇಕಾದರೆ ಎಂಆರ್‌ಟಿಯಲ್ಲಿ ಸಾಂ ಯೋತ್‌ಗೆ ಹೋಗಿ ಪಾಹುರತ್ ಸಂದಿಗೆ ನುಗ್ಗಿ. ಬಟ್ಟೆ ಥಾನುಗಳ ಅಂಗಡಿ ಸಾಲು ನಮ್ಮ ಚೌಕಿಪೇಟೆಯನ್ನೇ ನೆನಪಿಸುತ್ತೆ, ನಡುನಡುವೆ ಪಂಜಾಬಿ ಹೋಟೆಲು, ಸಿಹಿ ಅಂಗಡಿ. ಬೆಣ್ಣೆ ದೋಸೆ ಮಾತ್ರ ಕೇಳಬೇಡಿ. ಯಾವುದೂ ಬೇಡ, ಕಾಲು ಸೋತಿದೆ ಅಂದರೆ ಖಡಕ್ ರೊಟ್ಟಿ, ಚಟ್ನಿಪುಡಿ ತೆಗೆಯೋ ಹೊತ್ತು ಇದೇ.

ಎರಡಕ್ಕೆ ರೂಮು ಸಿಕ್ಕ ಕೂಡಲೇ ಮಲಗಿ, ಆದರೆ ಒಂದೂವರೆ ಗಂಟೆ ಕಳೆದ ಮೇಲೆ ಏಳೋಕೆ ಅಲಾರಂ ಇಟ್ಟು. ಸಂಜೆ ತನಕ ಮಲಗಿದರೆ ರಾತ್ರಿ ಎರಡಕ್ಕೆ ಕಣ್ಣು ಬಿಟ್ಟು ಚಾವಣಿ ನೋಡ್ತಾ ಕೂರೋದೇ. ಸಂಜೆ ಲುಂಪಿನಿ ಪಾರ್ಕ್ ಸಾಕು. ಕೆರೆ ದಂಡೆಯಲ್ಲಿ ಆಳುದ್ದದ ಉಡಗಳು ಯಾರ ಹಂಗೂ ಇಲ್ಲದೆ ಅಡ್ಡಾಡ್ತಿರ್ತವೆ. ಕೋಟೆ ಗೋಡೆಗೆ ಉಡ ಹತ್ತಿಸೋ ಕಥೆ ಕೇಳಿದ ನಮ್ಮ ಕಡೆಯವರಿಗೆ ಅದನ್ನ ಇಷ್ಟು ಹತ್ತಿರ ನೋಡೋದೇ ಒಂದು ಮಜಾ. ತಾವಾಗಿ ಏನೂ ಮಾಡಲ್ಲ, ಸೆಲ್ಫಿಗೆ ಅಂತ ದಾರಿ ಕಟ್ಟಬೇಡಿ. ಸಂಜೆ ಆರಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾಗುತ್ತೆ. ಓಡ್ತಿದ್ದವರು, ವ್ಯಾಯಾಮ ಮಾಡ್ತಿದ್ದವರು, ಎಲ್ಲರೂ ಇದ್ದಲ್ಲೇ ನಿಂತುಬಿಡ್ತಾರೆ. ನೀವೂ ನಿಲ್ಲಿ. ಬೆಳಿಗ್ಗೆ ಎಂಟಕ್ಕೂ ಹೀಗೇ, ರೈಲು ನಿಲ್ದಾಣದಲ್ಲೂ ಹೀಗೇ. ರಾಜಮನೆತನದ ಬಗ್ಗೆ ತಮಾಷೆ ಮಾತು ಅಲ್ಲಿ ಜೈಲಿನ ವಿಷಯ, ಗಾಳಿಗೆ ಹಾರಿದ ನೋಟನ್ನ ಕಾಲಲ್ಲಿ ತುಳಿದು ಹಿಡಿಯಬೇಡಿ, ಅದರ ಮೇಲೆ ರಾಜರ ಚಿತ್ರ ಇದೆ.

ರಸ್ತೆ ದಾಟೋದು ಸುಲಭ ಅನ್ನಿಸುತ್ತೆ, ನಮ್ಮ ಹಾಗೇ ಎಡಕ್ಕೆ ಓಡಿಸ್ತಾರೆ. ಆದರೆ ಪಿ.ಬಿ. ರೋಡಿನ ಹಾಗೆ ಕೈ ಅಡ್ಡ ಹಿಡಿದು ನುಗ್ಗಿದರೆ ಬೈಕಿನವರು ನಿಲ್ಲಿಸಲ್ಲ, ಝೀಬ್ರಾ ಪಟ್ಟಿ ಮೇಲೂ ನಿಲ್ಲಿಸಲ್ಲ. ಮೇಲ್ಸೇತುವೆ ಇದ್ದರೆ ಹತ್ತಿ. ಹಸಿರೆಲೆ ಚಿತ್ರದ ಗಾಂಜಾ ಅಂಗಡಿ ಬೀದಿಬೀದಿಗೆ ಕಾಣಬಹುದು, ಒಳಗೆ ಹೋಗೋದೇ ಬೇಡ. ಯಾರೋ ‘ಬೆಂಗಳೂರಲ್ಲಿ ನಮ್ಮವರಿಗೆ ಕೊಟ್ಟುಬಿಡಿ’ ಅಂತ ಕೊಡೋ ಪೊಟ್ಟಣವನ್ನಂತೂ ಮುಟ್ಟಬೇಡಿ, ದೇವನಹಳ್ಳಿಯಲ್ಲಿ ಕಸ್ಟಮ್ಸ್‌ನವರು ಬ್ಯಾಂಕಾಕ್ ವಿಮಾನಕ್ಕೇ ಕಾದು ಕೂತಿರ್ತಾರೆ. ಪ್ರವಾಸಿ ಪೊಲೀಸ್ 1155, ಆಂಬ್ಯುಲೆನ್ಸ್ 1669. ಭಾರತದ ರಾಯಭಾರ ಕಚೇರಿ ಸುಖುಂವಿಟ್ ಸೋಯ್ 23ರಲ್ಲಿದೆ. ಮೂರನ್ನೂ ಕಾಗದದ ಮೇಲೆ ಬರೆದಿಡಿ.

ರಾತ್ರಿ ಒಂಬತ್ತರೊಳಗೆ ರೂಮಿಗೆ ಬಂದರೆ ದಾವಣಗೆರೆಯಲ್ಲಿ ಇನ್ನೂ ಏಳೂವರೆ, ಮನೆಯವರ ಜೊತೆ ನೆಮ್ಮದಿಯಾಗಿ ಮಾತಾಡಬಹುದು. ಬರುವಾಗ ಸೆವೆನ್-ಇಲೆವೆನ್‌ನಲ್ಲಿ ದೊಡ್ಡ ಬಾಟ್ಲಿ ನೀರು ತಗೊಳ್ಳಿ. ರೂಮಿನ ಮೇಜಿನ ಮೇಲೆ ಇಟ್ಟಿರೋ ಎರಡು ಸಣ್ಣ ಬಾಟ್ಲಿ ಪುಕ್ಕಟೆ, ಫ್ರಿಜ್ ಒಳಗಿರೋದಕ್ಕೆ ಹೊರಡೋ ದಿನ ಬಿಲ್ ಬರುತ್ತೆ.